ಮೊಳೆಗೆ ತೂಗಿದ್ದ ಉಂಗುರ

ಮುಂದೆ ಆಗುವುದು ಮೊದಲೇ ಕಾಣುತ್ತದೆ ಎನ್ನುವವರನ್ನು ನಾನು ನಕ್ಕು ಕಳಿಸುತ್ತಿದ್ದೆ. ನಾಗಪುರದ ಕಾಲೇಜೊಂದರಲ್ಲಿ ಯಹೂದಿಗಳ ನರಮೇಧದ ಕತೆಗಳನ್ನೂ ನೆನಪುಗಳನ್ನೂ ಪಾಠ ಮಾಡುತ್ತೇನೆ. ಅವುಗಳಲ್ಲಿ ಬರಲಿರುವ ಸಾವನ್ನು ಮೊದಲೇ ಕಂಡವರು ಇರುತ್ತಾರೆ; ಸುತ್ತಲಿನವರು ಅವರಿಗೆ ಹುಚ್ಚು ಎನ್ನುತ್ತಾರೆ. ಇದೆಲ್ಲ ಆಮೇಲೆ ಸೇರಿಸಿದ್ದು, ಕೊನೆ ಗೊತ್ತಿದ್ದವರಿಗೆ ಭವಿಷ್ಯ ಹೇಳುವುದು ಸುಲಭ ಎಂದು ಹುಡುಗರಿಗೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ನನ್ನ ತಂಗಿ ಶೋಭಾ ಊರಾಚೆಯ ಕಾರ್ಖಾನೆಯೊಂದರಲ್ಲಿ, ಗಣಿ ಸಿಡಿಸುವ ಮದ್ದು ತುಂಬುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಕೆಲಸ ಕೊಡಿಸಿದ್ದು ಅಲ್ಲಿನ ಮ್ಯಾನೇಜರು. ಹುಬ್ಬಳ್ಳಿ ಕಡೆಯವರು, ದಸರಾ ಊಟದಲ್ಲಿ ಪರಿಚಯವಾದವರು. ಪರಊರಲ್ಲಿ ಕನ್ನಡ ಆಡಿದವರೆಲ್ಲ ನಮ್ಮವರೇ ಎಂದು ನಂಬಿದ್ದೆವು.

ಲೋಹ ತಾಗಿ ಕಿಡಿ ಹಾರೀತೆಂದು ಹೆಂಗಸರು ಮಂಗಳಸೂತ್ರ ಬಿಚ್ಚಿ ಗೇಟಿನ ಬಳಿಯ ಹಲಗೆಯ ಮೊಳೆಗೆ ತೂಗುಹಾಕಿ, ಕೊರಳಿಗೆ ಅರಿಸಿನದ ದಾರ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರು. ಸಂಜೆ ತಮ್ಮದನ್ನು ಹಾಕಿಕೊಂಡೇ ಬಸ್ಸು ಹತ್ತುವುದು. ಮ್ಯಾನೇಜರು ಮಾತ್ರ ಪುಷ್ಯರಾಗದ ಉಂಗುರ ತೊಟ್ಟೇ ಎಲ್ಲ ಕಡೆ ಓಡಾಡುತ್ತಿದ್ದರು.

ಬೇಸಿಗೆಯ ಒಂದು ಸಂಜೆ ಶೋಭಾಳನ್ನು ಕರೆತರಲು ಗೇಟಿಗೆ ಹೋಗಿದ್ದೆ. ಪಾಳಿ ಬಿಟ್ಟಿತು. ಹೆಂಗಸರು ತಮ್ಮ ತಮ್ಮದನ್ನು ತೆಗೆದುಕೊಂಡರು, ಬಸ್ಸು ಹೊರಟಿತು. ಆಮೇಲೂ ಹಲಗೆಯ ಮೇಲೆ ಒಂದು ಸಾಲು ಮಂಗಳಸೂತ್ರ ತೂಗುತ್ತಿತ್ತು. ಅದರಲ್ಲಿ ಹವಳದ್ದು ಶೋಭಾಳದು. ಅಮ್ಮ ಧಾರವಾಡದಲ್ಲಿ ಮಾಡಿಸಿದ್ದು, ಅಲ್ಲಿ ಬೇರೆ ಯಾರಲ್ಲೂ ಇರಲಿಲ್ಲ. ಪಕ್ಕಕ್ಕೆ ತಿರುಗಿದರೆ ಶೋಭಾ ನಿಂತಿದ್ದಳು, ಅದೇ ಹವಳ ಅವಳ ಕೊರಳಲ್ಲಿತ್ತು. ಮತ್ತೆ ನೋಡಿದೆ. ಬರೀ ಮೊಳೆಗಳು.

ಅವಳಿಗೆ ಹೇಳಿದೆ. "ಅಕ್ಕಾ, ನಿನ್ನ ಪುಸ್ತಕದಾಗಿನ ಹುಚ್ಚು ನಿನಗ ಬಡದೈತಿ," ಎಂದು ನಕ್ಕಳು. ಆಮೇಲೆ ತಾನಾಗಿಯೇ, ನೀರಿನ ಟ್ಯಾಂಕರ್ ಬರದೆ ಶೆಡ್ಡಿನ ನೆಲ ಒಣಗಿಹೋಗಿದೆ ಎಂದಳು. ಮದ್ದಿನ ಧೂಳು ಏಳದಂತೆ ಆ ನೆಲ ಸದಾ ಒದ್ದೆಯಿರಬೇಕು.

ಮರುದಿನವೇ ಮ್ಯಾನೇಜರ ಮನೆಗೆ ಹೋಗಿ ಕಂಡದ್ದನ್ನೂ ಹೇಳಿದೆ, ನೀರಿನ ಮಾತನ್ನೂ ಹೇಳಿದೆ. ಚಹಾ ಕೊಟ್ಟು, "ನೀವು ಕತಿ ಹೇಳ್ಕೋತ ಇರ್ರಿ ಮೇಡಂ. ಫ್ಯಾಕ್ಟರಿ ನಡಸೂದು ನಮಗ ಬಿಡ್ರಿ," ಎಂದರು. ರಜೆ ಹಾಕು ಎಂದು ಶೋಭಾಳನ್ನು ಗೋಗರೆದೆ. ಕೆಲಸ ಹೋಗುತ್ತದೆ ಎಂದಳು.

ಆ ವಾರ ಮುಗಿಯುವ ಮೊದಲೇ ಶೆಡ್ಡು ಹಾರಿಹೋಯಿತು. ಶೋಭಾ ನಮಗೆ ಸಿಗಲಿಲ್ಲ. ಅವಳ ಮಂಗಳಸೂತ್ರ ಸಿಕ್ಕಿತು, ನಾನು ಕಂಡ ಮೊಳೆಯಲ್ಲೇ, ನಾನು ಕಂಡ ಸಾಲಿನಲ್ಲೇ.

ವಿಚಾರಣೆಯಲ್ಲಿ ಮ್ಯಾನೇಜರು, ನಮಗೆ ಯಾರೂ ಮೊದಲೇ ಎಚ್ಚರಿಸಿರಲಿಲ್ಲ ಎಂದರು. ನಾನು ಎದ್ದು ನಿಂತು, ಎಚ್ಚರಿಸಿದ್ದೆ ಎಂದೆ. ಆಗ ಅವರು ನನಗೆ ಹಲಗೆಯ ಮೇಲೆ ಏನೇನು ಕಂಡಿತ್ತೆಂದು ಎಲ್ಲರೆದುರು ಹೇಳಿದರು. ಅಲ್ಲಿದ್ದವರು ನನ್ನನ್ನು ಮರುಕದಿಂದ ನೋಡಿದರು. ನೀರಿನ ಮಾತನ್ನು ಆಮೇಲೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನು ಆ ಮನುಷ್ಯನಿಗೆ ಬಹುವಚನ ಕೊಡಲಾರೆ. ಅವನ ಮನೆ ಹಾಳಾಗಲಿ ಎಂದು ಶಪಿಸಿದ್ದೇನೆ, ಇವತ್ತಿಗೂ ಅದನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಕಾರ್ಖಾನೆ ಮತ್ತೆ ನಡೆಯುತ್ತಿದೆ. ಹೊಸ ಶೆಡ್ಡು, ಅದೇ ಹಲಗೆ. ಕಳೆದ ತಿಂಗಳು, ಶೋಭಾಳ ಊಟದ ಡಬ್ಬಿ ಗೇಟಿನ ಕೋಣೆಯಲ್ಲಿ ಉಳಿದಿದೆ ಎಂದು ಕರೆಸಿದರು. ನಾನು ಹೋಗುವಷ್ಟರಲ್ಲಿ ಪಾಳಿ ಬಿಟ್ಟಾಗಿತ್ತು. ಅವನೇ ಹೊರಬಂದು ಕೈಮುಗಿದ. "ನೀವು ನಮ್ಮವರು. ಮನಸಿನ್ಯಾಗ ಇಟ್ಕೋಬ್ಯಾಡ್ರಿ," ಎಂದ. ಮುಗಿದ ಕೈಯಲ್ಲಿ ಉಂಗುರವಿತ್ತು. ಅವನ ಬೆನ್ನ ಹಿಂದಿನ ಹಲಗೆಯಲ್ಲಿ, ಒಂದು ಮೊಳೆಗೆ, ಅದೇ ಪುಷ್ಯರಾಗದ ಉಂಗುರ ತೂಗುತ್ತಿತ್ತು. ಹೆಂಗಸರದು ಒಂದೂ ಇರಲಿಲ್ಲ. ಇದ್ದಿದ್ದರೆ ಕೂಗಿ ಹೇಳುತ್ತಿದ್ದೆ.

ನಿಜಕ್ಕೂ ಕಂಡಿತೋ, ನನ್ನ ಹೊಟ್ಟೆಯ ಉರಿಯೇ ತೋರಿಸಿತೋ, ನನಗೆ ಗೊತ್ತಿಲ್ಲ. ಶೋಭಾಳದು ಹೇಗೆ ಕಂಡಿತ್ತು ಎಂದೂ ತಿಳಿದಿಲ್ಲ. ಅವನು ಇನ್ನೂ ದಿನಾ ಆ ಗೇಟು ದಾಟುತ್ತಾನೆ. ಹೇಳಬೇಕೆಂದು ಒಂದು ಗಳಿಗೆಯೂ ಅನಿಸಲಿಲ್ಲ. ಒಮ್ಮೆ ಹೇಳಿದ್ದೆನಲ್ಲ. ಡಬ್ಬಿ ಇಸಿದುಕೊಂಡು ಬಂದುಬಿಟ್ಟೆ.