ಮೀನು ಹಿಡಿಯುವವನ ಮೈಂಡ್‌ಸೆಟ್

ಕರಾವಳಿಯವನಿಗೆ ಮೀನು ಹಿಡಿಯಲು ಬಂದೇ ಬರುತ್ತದೆ ಎಂದು ದೋಹಾದ ನಮ್ಮ ಆಫೀಸಿನಲ್ಲಿ ಎಲ್ಲರೂ ನಂಬಿದ್ದರು. ತಪ್ಪು ಅವರದಲ್ಲ, ಹಾಗೆ ನಂಬಿಸಿದವನು ನಾನೇ. ನಿಜ ಹೇಳಬೇಕೆಂದರೆ, ಊರಿನಲ್ಲಿ ಮೀನು ನಮ್ಮ ಮನೆಗೆ ಬುಟ್ಟಿಯಲ್ಲಿ, ಮಾರುವ ಹೆಂಗಸಿನ ತಲೆಯ ಮೇಲೆ ಕೂತು ಬರುತ್ತಿತ್ತು. ಅಮ್ಮ ಕೊಯ್ಯುತ್ತಿದ್ದಳು, ನಾನು ತಿನ್ನುತ್ತಿದ್ದೆ. ಮೀನಿಗೂ ನನಗೂ ಇದ್ದ ನಂಟು ಇಷ್ಟೇ. ಜೀವವಿರುವ ಮೀನೆಂದರೆ ನನಗೆ ಚಿಕ್ಕಂದಿನಿಂದಲೂ ಹೆದರಿಕೆ. ಅದು ಪಟಪಟನೆ ಬಡಿದುಕೊಳ್ಳುವುದನ್ನು ಕಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಮಗಳಿಗೆ ಊಟ ಮಾಡಿಸಲು ಕಥೆ ಬೇಕಿತ್ತು. ಅಲ್ ಹಿಲಾಲ್‌ನ ಫ್ಲ್ಯಾಟಿನಲ್ಲಿ ಕೂತು, ಒಂದೊಂದು ತುತ್ತಿಗೂ ಒಂದೊಂದು ಮೀನು ಹಿಡಿದೆ. ಮೊದಲು ಗಾಳದಲ್ಲಿ, ಆಮೇಲೆ ಬಲೆಯಲ್ಲಿ, ಕೊನೆಗೆ ಬರಿಗೈಯಲ್ಲಿ. ಅವಳು ಬೆಳೆದಂತೆ ಕಥೆಯ ಮೀನೂ ಬೆಳೆಯಿತು. ಒಂಬತ್ತು ತುಂಬುವಷ್ಟರಲ್ಲಿ ಅವಳು ಶಾಲೆಯಲ್ಲಿ ಇಡೀ ಕ್ಲಾಸಿನ ಮುಂದೆ ನಿಂತು ತನ್ನ ಪಪ್ಪನ ಸಾಹಸವನ್ನು ಇಂಗ್ಲಿಷಿನಲ್ಲಿ ಬಣ್ಣಿಸಿ ಚಪ್ಪಾಳೆ ಗಿಟ್ಟಿಸಿ ಬಂದಳು. ಟೀಚರು ಒಂದು ಫೋಟೋ ತರಲು ಹೇಳಿದ್ದರಂತೆ. ಮೀನು ಹಿಡಿದ ಫೋಟೋ ನನ್ನ ಹತ್ತಿರ ಒಂದೂ ಇರಲಿಲ್ಲ. ಆಫೀಸಿನವರ ಮುಂದೆ ಮಾನ ಹೋದರೆ ಹೋಗಲಿ, ಮಗಳ ಕಣ್ಣಲ್ಲಿ ಸಣ್ಣವನಾಗುವುದು ನನ್ನಿಂದಾಗದ ಮಾತು.

ಇಂಥ ಹೊತ್ತಿನಲ್ಲಿ ನನಗೆ ಗುರುವಾಗಿ ಸಿಕ್ಕವರು ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಮೈಸೂರಿನವರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಶುದ್ಧ ಸಸ್ಯಾಹಾರಿ. ಆದರೂ ದಿನಾ ಮಧ್ಯಾಹ್ನ ಮೊಸರನ್ನ ಕಲಸುತ್ತ ಅವರು ನೋಡುತ್ತಿದ್ದದ್ದು ಮೀನು ಹಿಡಿಯುವ ವಿಡಿಯೋಗಳನ್ನು. ಅದೂ ಒಂದೇ ಮೀನು, ವಾಲೈ. ಅಮೆರಿಕದ ತಣ್ಣೀರಿನ ಕೆರೆಗಳಲ್ಲಿರುವ, ಗಾಜಿನ ಕಣ್ಣಿನ ಒಂದು ಪ್ರಾಣಿ. ಕತಾರಿನಲ್ಲಿ ಕೆರೆಯೂ ಇಲ್ಲ, ವಾಲೈಯೂ ಇಲ್ಲ ಎಂಬುದು ಅವರ ಭಕ್ತಿಗೆ ಅಡ್ಡಿಯಾಗಿರಲಿಲ್ಲ.

"ಮೀನು ಮುಖ್ಯ ಅಲ್ಲ ಕಣ್ರೀ, ಮೈಂಡ್‌ಸೆಟ್ ಮುಖ್ಯ," ಎನ್ನುತ್ತಿದ್ದರು. "ವಾಲೈ ಬೆಳಕಿಗೆ ಬರಲ್ಲ. ಬೆಳಗಿನ ಜಾವ ಇಲ್ಲಾ ಸಂಜೆ. ಗಾಳಿಗೆ ನೀರು ಸ್ವಲ್ಪ ಅಲ್ಲಾಡ್ತಿರಬೇಕು. ಗಾಳನ ತಳಕ್ಕೆ ಬಿಟ್ಟು ನಿಧಾನಕ್ಕೆ ಎತ್ತಿ ಇಳಿಸ್ಬೇಕು. ನಿಮಗೆ ಇದೆಲ್ಲ ಹೇಳೋದು ನಾನು ಯಾರು ಬಿಡಿ, ನೀವು ಸಮುದ್ರದವರು!"

"ಹೌದು ಮಾರಾಯ್ರೆ, ನಮ್ಮಲ್ಲಿ ಸಹ ಹಾಗೇ," ಎಂದು ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಅವರು ತಿರುಗಿದ ಕೂಡಲೇ ಅಷ್ಟನ್ನೂ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದೆ. ಬೆನ್ನ ಹಿಂದೆ ಅವರನ್ನು ಮೊಸರನ್ನದ ಮೀನುಗಾರ ಎಂದು ಆಡಿಕೊಂಡು ನಗಿಸಿದವನೂ ನಾನೇ. ಆ ಪಾಪವನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಜನವರಿಯ ಒಂದು ಶುಕ್ರವಾರ, ಆ ಫೋಟೋಗಾಗಿ ನಾನು, ಮಗಳು, ಮೈಸೂರಿನವರು ಮೂವರೂ ದೋಹಾ ಪಕ್ಕದ ವಕ್ರಾದ ಕಡಲಂಚಿಗೆ ಹೊರಟೆವು. ದಾರಿಯಲ್ಲಿ ಅಲ್ ಥುಮಾಮಾದಲ್ಲಿ ಮೈಸೂರಿನವರನ್ನು ಹತ್ತಿಸಿಕೊಂಡಾಗ ಡಿಕ್ಕಿ ತುಂಬಿತು. ಎರಡು ಗಾಳದ ಕೋಲು, ರಬ್ಬರಿನ ಬಾಲವಿರುವ ಗಾಳಗಳ ಪೆಟ್ಟಿಗೆ, ನೀರಿನ ಬಿಸಿ ನೋಡಲು ಥರ್ಮಾಮೀಟರ್, ಗಾಳಿ, ಬೆಳಕು, ಆಳ ಎಂದು ಕಾಲಂ ಹಾಕಿದ ಎಕ್ಸೆಲ್ ಹಾಳೆ, ಪುಳಿಯೋಗರೆ. ಅಷ್ಟು ತಯಾರಿಯಲ್ಲಿ ಒಂದು ಬಿಲ್ಡಿಂಗನ್ನೇ ಎಬ್ಬಿಸಬಹುದಿತ್ತು. ಮಗಳು ಮಾತ್ರ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತಿದ್ದಳು. ಬೇಗ ಎದ್ದ ನಿದ್ದೆಯಿರಬೇಕು ಎಂದುಕೊಂಡೆ.

ಬೆಳಕು ಹರಿಯುವ ಹೊತ್ತಿಗೆ ಕಲ್ಲುಗಳ ಮೇಲೆ ನಿಂತು ಶುರು ಮಾಡಿದೆವು. ಎತ್ತಿದೆವು, ಇಳಿಸಿದೆವು. ಮೈಸೂರಿನವರು ಥರ್ಮಾಮೀಟರ್ ಅದ್ದಿ ಹಾಳೆಯಲ್ಲಿ ಬರೆದುಕೊಂಡರು. ಒಂದು ಗಂಟೆಯಾದರೂ ಯಾವ ಮೀನಿಗೂ ನಮ್ಮ ಮೈಂಡ್‌ಸೆಟ್ ಹಿಡಿಸಲಿಲ್ಲ. ಆಚೆ ಕಲ್ಲಿನ ಮೇಲೆ ಒಬ್ಬ ಮಲಯಾಳಿ, ನೀರಿನ ಬಾಟಲಿಗೆ ದಾರ ಸುತ್ತಿಕೊಂಡು ಕೂತು, ಮೀನಿನ ಮೇಲೆ ಮೀನು ಎಳೆಯುತ್ತಿದ್ದ. ಕೊನೆಗೆ ಅವನಿಗೇ ನಮ್ಮ ಮೇಲೆ ಕರುಣೆ ಬಂದು ನಾಲ್ಕು ಸಿಗಡಿ ಕೊಟ್ಟು, "ರಬ್ಬರ್ ಖಲಾಸ್, ಇದು ಹಾಕು," ಎಂದ.

ಸಿಗಡಿ ಸಿಕ್ಕಿಸಿದ ಐದೇ ನಿಮಿಷಕ್ಕೆ ನನ್ನ ಕೋಲು ಬಾಗಿತು. ಮಗಳು ಕಿರುಚಿದಳು. ಎಳೆದೆ. ಇಲ್ಲಿಯವರು ಶೇರಿ ಎನ್ನುವ, ಅಂಗೈಯುದ್ದದ ಒಂದು ಮೀನು ಕಲ್ಲಿನ ಮೇಲೆ ಬಿದ್ದು ಪಟಪಟನೆ ಬಡಿದುಕೊಂಡಿತು. ಮಗಳು ಫೋನು ಹಿಡಿದು, "ಪಪ್ಪ, ಕೈಯಲ್ಲಿ ಹಿಡೀರಿ! ಫೋಟೋ!" ಎಂದಳು.

ನಾನು ಬಗ್ಗಿದೆ. ಕೈ ಮುಂದೆ ಹೋಗಲೇ ಇಲ್ಲ. ಮೀನು ಒಮ್ಮೆ ಎಗರಿದ್ದೇ ತಡ, ಎರಡು ಹೆಜ್ಜೆ ಹಿಂದಕ್ಕೆ ಹಾರಿದ್ದೆ. ಅಷ್ಟರಲ್ಲಿ ಮೈಸೂರಿನವರು ಮೊಣಕಾಲೂರಿ ಕೂತರು. ಕೈ ಒದ್ದೆ ಮಾಡಿಕೊಂಡರು, ಬೆನ್ನಿನ ಮುಳ್ಳನ್ನು ಹಿಂದಕ್ಕೆ ಸವರಿ ಮೀನನ್ನು ಹಿಡಿದರು, ಸಣ್ಣ ಇಕ್ಕಳದಿಂದ ಗಾಳ ಬಿಡಿಸಿದರು. ವಿಡಿಯೋದಲ್ಲಿ ಸಾವಿರ ಸಲ ನೋಡಿದ್ದನ್ನು ಮೊದಲ ಸಲ ಮಾಡುತ್ತಿದ್ದರು. ಮಗಳು ನನ್ನನ್ನೂ ಅವರನ್ನೂ ನೋಡಿದಳು.

"ಗೊತ್ತಾ ಪುಟ್ಟಿ," ಎಂದರು ಅವರು, ನನ್ನ ಕಡೆ ತಿರುಗದೆ. "ಮೊದಲನೇ ಮೀನನ್ನ ಜೊತೆಗೆ ಬಂದೋರ ಕೈಯಲ್ಲಿ ಹಿಡಿಸ್ಬೇಕಂತೆ. ನಿಮ್ಮ ಕಡೆ ಪದ್ಧತಿ. ಅದಕ್ಕೇ ಅಪ್ಪ ನಂಗೆ ಬಿಟ್ಟಿದ್ದು."

ಅಂಥ ಪದ್ಧತಿ ನಮ್ಮ ಕಡೆ ಎಲ್ಲೂ ಇಲ್ಲ. ಇಷ್ಟು ದಿನ ನಾನು ಆಡಿಕೊಂಡು ನಕ್ಕ ಮನುಷ್ಯ ನನ್ನ ಮಾನ ಉಳಿಸಲು ಕ್ಷಣದಲ್ಲಿ ಒಂದು ಪದ್ಧತಿಯನ್ನೇ ಹುಟ್ಟಿಸಿದ್ದರು. ನನಗೆ ನಾಚಿಕೆಯಾಯಿತು.

"ಹೌದಾ ಪಪ್ಪ?"

"ಹೌದು," ಎಂದೆ. ನಾಚಿಕೆಯಾದರೂ ಬಾಯಿ ಅಭ್ಯಾಸ ಬಿಡಲಿಲ್ಲ.

"ಹಾಗಾದ್ರೆ ಸೆಕೆಂಡ್ ಮೀನು ನಿಮ್ದು."

ಮೈಸೂರಿನವರು ಮೀನನ್ನು ನೀರಿಗೆ ಬಿಟ್ಟು, ಹುಟ್ಟಿದಾಗಿನಿಂದ ಮೀನು ಮುಟ್ಟದ ಕೈಗಳನ್ನು ತೊಳೆಯಲು ನಲ್ಲಿ ಹುಡುಕಿಕೊಂಡು ಹೋದರು. ನಾನು ಮತ್ತೆ ಗಾಳ ಇಳಿಬಿಟ್ಟೆ. ಗಾಳ ಹಾಕಿ ಕೂತು, ಒಂದು ಮೀನೂ ಕಚ್ಚದಿರಲಿ ಎಂದು ದೇವರನ್ನು ಬೇಡಿಕೊಂಡವನು ಆ ದಂಡೆಯಲ್ಲಿ ನಾನೊಬ್ಬನೇ ಇರಬೇಕು. ದೇವರು ಕೇಳಿಸಿಕೊಳ್ಳಲಿಲ್ಲ. ಈ ಸಲದ್ದು ಇನ್ನೂ ದೊಡ್ಡದು. ಕಲ್ಲಿನ ಮೇಲೆ ಬಿದ್ದು ಬಾಯಿ ತೆರೆದು ಮುಚ್ಚುತ್ತಿತ್ತು. ಮಗಳು ಫೋನು ಎತ್ತಿದಳು. ಇನ್ನೊಂದು ಪದ್ಧತಿ ಹುಟ್ಟಿಸೋಣವೆಂದರೆ ನನಗೆ ಏನೂ ಹೊಳೆಯಲಿಲ್ಲ.

"ನನ್ನಿಂದ ಆಗುದಿಲ್ಲ ಮಗಾ," ಎಂದೆ. "ನನಗೆ ಮೀನು ಕಂಡ್ರೆ ಹೆದರಿಕೆ. ಊರಲ್ಲಿ ನಾನು ಒಂದು ಸಹ ಹಿಡೀಲಿಲ್ಲ. ಆ ಕಥೆ ಎಲ್ಲ ಸುಳ್ಳು."

ಅವಳು ಫೋನು ಇಳಿಸಿದಳು. ಮುಖ ಕೆಂಪಾಯಿತು. ಅಳುತ್ತಾಳೆ ಎಂದುಕೊಂಡೆ.

"ನಂಗೂ ಹೆದರಿಕೆ ಪಪ್ಪ," ಎಂದಳು. "ಒನ್ ವೀಕ್‌ನಿಂದ. ನಿದ್ದೆನೇ ಬರ್ಲಿಲ್ಲ. ನೀವು ಮುಟ್ಟು ಅಂತೀರಿ, ನಾನು ಮುಟ್ಟದಿದ್ರೆ ನಿಮ್ಗೆ ಶೇಮ್ ಆಗ್ತದೆ ಅಂತ ಹೇಳ್ಲಿಲ್ಲ."

ತುತ್ತಿಗೊಂದರಂತೆ ನಾನು ಹಿಡಿದ ಮೀನುಗಳೆಲ್ಲ ಆ ಪುಟ್ಟ ಹೊಟ್ಟೆಯಲ್ಲಿ ಹೀಗೆ ಕೂತಿದ್ದವು. ಮೀನು ಮತ್ತೊಮ್ಮೆ ಎಗರಿತು. ಇಬ್ಬರೂ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡು, ಒಂದೇ ದನಿಯಲ್ಲಿ ಮೈಸೂರಿನವರನ್ನು ಕೂಗಿದೆವು.