ಕಿಟಕಿ ಜಾಗಕ್ಕೆ ಎಲ್ಲ ಗುಂಡಿ

ದರ್ಜಿ ಅಂಗಡಿಗೆ ಬೆಳಕು ಬೀಳುವ ಕಿಟಕಿ ಇದ್ದುದು ಒಂದೇ. ಅಲ್ಲಿ ಅಣ್ಣನ ಹೊಲಿಗೆ ಯಂತ್ರವಿತ್ತು. ತಂಗಿಯದು ಒಳಗಿನ ಮಬ್ಬಿನಲ್ಲಿ. ಕಪ್ಪು ಬಟ್ಟೆಗೆ ಕಪ್ಪು ದಾರ ಹೊಲಿದು ಅವಳಿಗೆ ಸಾಕುಸಾಕಾಗಿತ್ತು. ಜಾಗ ಬಿಡು ಎಂದರೆ ಅಣ್ಣ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ, ರಜೆಯ ಮಧ್ಯಾಹ್ನ ಪೋಕರ್ ಆಡಿ ತೀರ್ಮಾನಿಸುವುದೆಂದಾಯಿತು. ಪಣಕ್ಕೆ ಅಂಗಿ ಗುಂಡಿಗಳು, ಎಷ್ಟು ಬೇಕಾದರೂ ಒಡ್ಡಬಹುದು. ಇಸ್ತ್ರಿ ಪೆಟ್ಟಿಗೆಯ ಕೆಂಡ ಆರುವ ಹೊತ್ತಿಗೆ ಯಾರ ಬಳಿ ಗುಂಡಿ ಹೆಚ್ಚೋ ಕಿಟಕಿ ಅವರದು.

ಆಟದಲ್ಲಿ ಅವಳು ಮಹಾ ಅಂಜುಬುರುಕಿ. ಒಳ್ಳೆಯ ಎಲೆಗೆ ಕಾಯುತ್ತ ಕಾಯುತ್ತ ಗುಂಡಿ ಕರಗಿಸಿಕೊಳ್ಳುವವಳು. ಅಂಗಡಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಇಸ್ತ್ರಿ ಮಾಮ ಮೊದಲೇ ಕಿವಿಮಾತು ಹೇಳಿದ್ದರು: "ಕೊನೇ ನಾಲ್ಕು ಗುಂಡಿ ಇಟ್ರೆ ಯಾರಮ್ಮ ಹೆದರ್ತಾರೆ? ಕೈತುಂಬ ಇರುವಾಗ್ಲೇ ಎಲ್ಲಾ ತಳ್ಳು. ಅದೂ ಅವನು ಅನುಮಾನದಲ್ಲಿ ಇದ್ದಾಗ."

ಅನುಮಾನ ಗೊತ್ತಾಗುವುದು ಹೇಗೆ? ಅಂದಿನಿಂದ ಅವಳು ಅಣ್ಣನನ್ನೇ ಗಮನಿಸತೊಡಗಿದಳು. ಬಟ್ಟೆ ಕತ್ತರಿಸುವಾಗ ಅಳತೆ ಗಟ್ಟಿಯಿಲ್ಲದಿದ್ದರೆ ಅವನ ಕೈ ಕೊರಳಲ್ಲಿ ನೇತಾಡುವ ಟೇಪಿಗೆ ಹೋಗುತ್ತಿತ್ತು. ಬಿಡುವಿನಲ್ಲಿ ಆಡುವ ಇಸ್ಪೀಟಿನಲ್ಲೂ ಅದೇ ಚಾಳಿ! ಗುಟ್ಟು ಸಿಕ್ಕ ದಿನ ಅವಳು ಒಳಗೊಳಗೇ ನಕ್ಕಳು.

ಕೆಂಡ ಬೂದಿಯಾಗುತ್ತಿತ್ತು, ಕೊನೆಯ ಸುತ್ತು. ಇಬ್ಬರ ಗುಂಡಿಯೂ ಹೆಚ್ಚುಕಡಿಮೆ ಸಮ. ಮೇಜಿನ ಮೇಲೆ ಎಲ್ಲರಿಗೂ ಕಾಣುವ ಐದು ಎಲೆಗಳಲ್ಲಿ ಮೂರು ಆಟೀನು, ಕೆಂಪು ಹೃದಯದ ಗುರುತಿನವು. ಅವಳ ಕೈಯಲ್ಲಿದ್ದ ಎರಡೂ ಕೆಲಸಕ್ಕೆ ಬಾರದವು. ಅಣ್ಣ ತನ್ನೆರಡು ಎಲೆಗಳನ್ನು ದೂರ ಹಿಡಿದ, ಹತ್ತಿರ ಹಿಡಿದ. ಕೈ ಟೇಪಿಗೆ ಹೋಯಿತು. ಅವಳು ಗುಂಡಿಗಳನ್ನೆಲ್ಲ ಮುಂದೆ ತಳ್ಳಿದಳು.

"ಬೇಡಪ್ಪ, ಬಿಟ್ಟೆ," ಎಂದು ಅಣ್ಣ ಎಲೆ ಮಗುಚಿಟ್ಟ. ಒಡ್ಡಿದ್ದ ಗುಂಡಿಗಳೆಲ್ಲ ಅವಳ ಪಾಲಾದವು.

ಗೆದ್ದ ಖುಷಿಗಿಂತ ಕುತೂಹಲವೇ ಹೆಚ್ಚಾಗಿ ಅವಳು ಅವನ್ನು ತಿರುಗಿಸಿ ನೋಡಿದಳು. ಎರಡೂ ಆಟೀನು. ಮೇಜಿನ ಮೂರೂ ಸೇರಿದರೆ ಐದಕ್ಕೂ ಒಂದೇ ಗುರುತು, ಅವಳನ್ನು ನುಂಗಿ ನೀರು ಕುಡಿಯುವಂಥ ಕೈ.

"ಇದನ್ನ ಯಾಕಣ್ಣ ಬಿಟ್ಟೆ?"

"ಒಂದು ಡೈಮಂಡು ಸೇರ್ಕೊಂಡು ಕೆಡಿಸಿಬಿಡ್ತು ಕಣೇ."

"ಯಾವುದು?"

ಅಣ್ಣ ತನ್ನ ಎರಡು ಆಟೀನುಗಳಲ್ಲಿ ಒಂದರ ಮೇಲೆ ಬೆರಳಿಟ್ಟು ತೋರಿಸಿದ.

ಅವಳಿಗೆ ಈಚೆಗೆ ಬಟ್ಟೆ ಕತ್ತರಿಸುವಾಗ ಅವನ ಕೈ ಪದೇಪದೇ ಟೇಪಿಗೆ ಹೋಗುತ್ತಿದ್ದುದು ನೆನಪಾಯಿತು. ಅವನು ಕಿಟಕಿ ಬಿಡದೆ ಪಟ್ಟು ಹಿಡಿದದ್ದೂ.

ಅವಳು ಗುಂಡಿಗಳನ್ನು ಡಬ್ಬಿಗೆ ಸುರಿದಳು. "ಕಿಟಕಿ ಈಗ ನನ್ನದು. ಅಲ್ಲಿ ಯಾರು ಕೂರಬೇಕು ಅಂತ ನಾನೇ ಹೇಳ್ತೀನಿ. ನಿನ್ನ ಮಿಷನ್ನು ಅಲ್ಲೇ ಇರ್ಲಿ. ನಾಳೆ ಬೆಳಿಗ್ಗೆ ಮಾತ್ರ ಕಣ್ಣಿನ ಡಾಕ್ಟರ ಹತ್ರ ನನ್ನ ಜೊತೆ ಬರ್ಬೇಕು."

"ಯಾಕೆ? ನನ್ನ ಕಣ್ಣು ಚೆನ್ನಾಗೇ ಇದೆ," ಎಂದ ಅಣ್ಣ.

ಅವನ ಕೈ ಟೇಪಿಗೆ ಹೋಗಿತ್ತು.