ಮೇರಿ ಮಾತೆಗೆ ನೋವು ಬಂದಿತ್ತೇ?

ಈಗ ಸಂಜೆ ಐದಾಗುತ್ತ ಬಂದರೆ ನಮ್ಮ ಮಹಡಿ ಮನೆಯಿಂದ ಪುದೀನದ ವಾಸನೆ ಇಳಿದು ಬರುತ್ತದೆ. ಬರೀ ಪುದೀನವಲ್ಲ, ಅಕ್ಕಿ ನುಚ್ಚು, ಮೆಂತ್ಯ, ಶುಂಠಿ ಎಲ್ಲ ಸೇರಿ ಉಪವಾಸ ಬಿಡುವ ಗಂಜಿಯಾಗಿ ಕುದಿಯುವ ವಾಸನೆ. ಮೇಲೆ ಬಾಡಿಗೆಗೆ ಇರುವ ಹುಡುಗಿಗೆ ಮದುವೆಯಾಗಿ ವರ್ಷ ತುಂಬಿಲ್ಲ. ಸ್ವಂತ ಒಲೆಯ ಮೇಲೆ ಇದು ಅವಳ ಮೊದಲ ರಂಜಾನ್. ನಿನ್ನೆ ಗಂಜಿ ತಳ ಹಿಡಿಯಿತು, ಕೆಳಗೆ ಕೂತ ನನಗೂ ಗೊತ್ತಾಯಿತು. ನನ್ನಲ್ಲಿ ಈಗ ಚುರುಕಾಗಿ ಉಳಿದಿರುವುದು ಮೂಗೊಂದೇ. ಆ ಮೂಗು ಹಿಡಿದುಕೊಂಡು ನೀವೂ ನನ್ನ ಜೊತೆ ಬರುವುದಾದರೆ, ಈ ಹೊಸ ಬಡಾವಣೆಯಿಂದ ಇದೇ ಹುಣಸೂರಿನ ಒಂದು ಹಳೆಯ ಓಣಿಗೆ ಹೋಗಿಬರೋಣ. ತೊಂಬತ್ತರ ದಶಕದ ಮೊದಮೊದಲ ವರ್ಷಗಳು. ನನಗಿನ್ನೂ ಮೂವತ್ತಾಗಿರಲಿಲ್ಲ, ಲೋಕದ ಎಲ್ಲ ಪ್ರಶ್ನೆಗೂ ನನ್ನ ಹತ್ತಿರ ಉತ್ತರವಿತ್ತು.

ಆ ಓಣಿಯಲ್ಲಿ ನನ್ನ ಮನೆಯ ಬಲಕ್ಕೆ ಲೂರ್ದಮ್ಮ, ಎಡಕ್ಕೆ ಖೈರುನ್ ಬೀ. ಇಬ್ಬರೂ ನನಗಿಂತ ಹದಿನೈದು ಇಪ್ಪತ್ತು ವರ್ಷ ದೊಡ್ಡವರು. ಅವರಿಗೆ ಪರಿಚಯವಾದದ್ದು ಹೊಗೆಸೊಪ್ಪಿನ ಗೋದಾಮಿನಲ್ಲಿ, ಎದುರುಬದುರು ಕೂತು ಎಲೆ ವಿಂಗಡಿಸುವಾಗ. ಹಳದಿ ಎಲೆ ಒಂದು ಕಡೆ, ಕಂದು ಎಲೆ ಇನ್ನೊಂದು ಕಡೆ. ಸೀಸನ್ ಮುಗಿದರೂ ಬೆರಳ ತುದಿಯ ಆ ಅಂಟು ಕಪ್ಪು ಹೋಗುತ್ತಿರಲಿಲ್ಲ. ಲೂರ್ದಮ್ಮನ ಜಪಸರದ ಮಣಿಗಳೂ ಖೈರುನ್ ಬೀಯ ತಸ್ಬಿಯ ಮಣಿಗಳೂ ಅದೇ ಕಪ್ಪಿಗೆ ತಿರುಗಿದ್ದನ್ನು ನಾನು ಗಮನಿಸಿದ್ದೆ. ಗಮನಿಸಿ, ದೊಡ್ಡ ತತ್ವವೊಂದು ಸಿಕ್ಕಿತೆಂದು ಮನಸ್ಸಿನಲ್ಲೇ ಹಿಗ್ಗಿದ್ದೆ.

ಯಾಕೆಂದರೆ ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕ್ರಿಶ್ಚಿಯನ್ ಹುಡುಗಿಯರನ್ನು ಧರ್ಮೋಪದೇಶದ ತರಗತಿಗೆ ಕರೆದುಕೊಂಡು ಹೋದರೆ, ಮಿಕ್ಕ ನಮ್ಮನ್ನೆಲ್ಲ ಮಾರಲ್ ಸೈನ್ಸಿಗೆ ಕೂರಿಸುತ್ತಿದ್ದರು. ದೇವರೆಲ್ಲ ಒಂದೇ ಎಂದು ಯಾವ ಪ್ರಶ್ನೆಗೆ ಬರೆದರೂ ಹತ್ತಕ್ಕೆ ಎಂಟು ಅಂಕ ಗ್ಯಾರಂಟಿ. ಆ ಎಂಟು ಅಂಕವನ್ನು ಗಂಡನ ಮನೆಗೂ ತಂದಿದ್ದೆ. ಓಣಿಯಲ್ಲಿ ನನಗೆ ‘ಕಾನ್ವೆಂಟಮ್ಮ’ ಎಂದೇ ಹೆಸರು. ಅದು ಹೊಗಳಿಕೆ ಎಂದು ಎಷ್ಟೋ ದಿನ ತಿಳಿದುಕೊಂಡಿದ್ದೆ.

ಆ ವರ್ಷ ಒಂದು ವಿಶೇಷವಾಯಿತು. ಕ್ರೈಸ್ತರ ತಪಸ್ಸುಕಾಲವೂ ಮುಸಲ್ಮಾನರ ರಂಜಾನೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾದವು. ಲೂರ್ದಮ್ಮ ಹಣೆಗೆ ಬೂದಿ ಹಾಕಿಸಿಕೊಂಡು ಬಂದ ವಾರದಲ್ಲೇ ಖೈರುನ್ ಬೀ ಚಂದ್ರನನ್ನು ನೋಡಲು ಹಿತ್ತಲ ಒಗೆಯುವ ಕಲ್ಲು ಹತ್ತಿ ನಿಂತಿದ್ದಳು. ಲೂರ್ದಮ್ಮನಿಗೆ ನಲವತ್ತು ದಿನ ಮಾಂಸ ನಿಷಿದ್ಧ. ಖೈರುನ್ ಬೀಯ ಗಂಜಿಗೆ ಕೈಮಾ ಬೀಳದಿದ್ದರೆ ಅವಳ ಮನೆಯವರು ಮುಟ್ಟುವುದಿಲ್ಲ. ಹಾಗಾಗಿ ಕೈಮಾ ಹಾಕುವ ಮೊದಲು ಒಂದು ಲೋಟ ಗಂಜಿಯನ್ನು ಬೇರೆ ತೆಗೆದು, ಅದಕ್ಕೆ ಬೇರೆ ಸೌಟು ಇಟ್ಟು, ದಿನಾ ಲೂರ್ದಮ್ಮನಿಗೆ ಕಳಿಸುತ್ತಿದ್ದಳು. ಲೂರ್ದಮ್ಮ ಮಧ್ಯಾಹ್ನ ಒಗ್ಗರಣೆ ಹಾಕುವಾಗ ಹಿತ್ತಲ ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿ, ಬೆವೆತು ಕೆಮ್ಮುತ್ತ ಅಡುಗೆ ಮಾಡುತ್ತಿದ್ದಳು. ಉಪವಾಸದವಳ ಮೂಗಿಗೆ ವಾಸನೆ ಹೋಗಬಾರದಲ್ಲ!

ಆ ಹೊತ್ತಿಗೆ ಲೂರ್ದಮ್ಮನ ಮಗಳು ಸ್ಟೆಲ್ಲಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಎಂಟು ತಿಂಗಳು. ಒಂದು ಬೆಳಿಗ್ಗೆ ಕಾಲು, ಮುಖ ಎಲ್ಲ ಊದಿಕೊಂಡು ಕಣ್ಣು ಮಂಜಾಯಿತು. ಊರಿನ ಡಾಕ್ಟರು ಬಿ.ಪಿ. ನೋಡಿದವರೇ ಒಂದು ಗಳಿಗೆಯೂ ತಡಮಾಡದೆ ಮೈಸೂರಿಗೆ ಒಯ್ಯಿರಿ ಎಂದರು. ಅಪ್ಪನೂ ಗಂಡನೂ ಕಾರು ಮಾಡಿಕೊಂಡು ಹೊರಟರು. ಲೂರ್ದಮ್ಮ ಹೋಗುವಂತಿರಲಿಲ್ಲ. ಹಿಂದಿನ ವಾರ ಬಚ್ಚಲಲ್ಲಿ ಜಾರಿ ಬಿದ್ದು, ಮೊಣಕಾಲಿನವರೆಗೆ ಪಟ್ಟಿ ಹಾಕಿಸಿಕೊಂಡಿದ್ದಳು.

ನನ್ನವರು ಕೆ.ಆರ್. ನಗರದ ಕರೆಂಟಿನ ಆಫೀಸಿನಲ್ಲಿದ್ದರು. ಆ ಕಾರಣಕ್ಕೆ ಓಣಿಯಲ್ಲಿ ಫೋನಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಸುದ್ದಿ ಅಲ್ಲಿಗೇ ಬರಬೇಕು. ಖೈರುನ್ ಬೀ ಲೂರ್ದಮ್ಮನ ಕಂಕುಳಿಗೆ ತನ್ನ ಹೆಗಲು ಕೊಟ್ಟು, ನಿಧಾನಕ್ಕೆ ಕುಂಟಿಸಿಕೊಂಡು ನಮ್ಮ ಮನೆಗೆ ಕರೆತಂದಳು. ಮಧ್ಯಾಹ್ನ ಒಂದು ಫೋನು ಬಂತು. “ನೋವು ಬರ್ಸಾಕೆ ಸೂಜಿ ಹಾಕವ್ರೆ. ಏನೂ ಹೇಳಕಾಗಲ್ಲ ಅಂತಾವ್ರೆ” ಎಂದರು ಸ್ಟೆಲ್ಲಾಳ ಅಪ್ಪ. ಅಷ್ಟೇ, ಇಟ್ಟುಬಿಟ್ಟರು.

ಲೂರ್ದಮ್ಮ ಜಪಸರ ಹಿಡಿದಳು. ಖೈರುನ್ ಬೀ ಮನೆಗೆ ಹೋಗಿ, ಕೈಕಾಲು ಮುಖ ತೊಳೆದು, ಬಟ್ಟೆಯಲ್ಲಿ ಸುತ್ತಿದ ತನ್ನ ಗ್ರಂಥವನ್ನು ಎದೆಗವಚಿಕೊಂಡು ಬಂದಳು. ಅದನ್ನಿಡಲು ಎತ್ತರದ್ದೊಂದು ಶುಭ್ರವಾದ ಸ್ಟೂಲು ಕೇಳಿದಳು, ಕೊಟ್ಟೆ. ಒಬ್ಬಳ ತುಟಿ ಇಲ್ಲಿ ಅಲ್ಲಾಡುತ್ತಿದೆ, ಇನ್ನೊಬ್ಬಳ ತುಟಿ ಅಲ್ಲಿ. ಸುಮ್ಮನಿದ್ದಿದ್ದರೆ ಏನು ಕಷ್ಟವಿತ್ತು ನನಗೆ? ಧೈರ್ಯ ಹೇಳಬೇಕೆನಿಸಿತು. “ಇಬ್ಬರೂ ಬೇಡಿಕೊಳ್ತಿರೋದು ಒಬ್ಬನೇ ದೇವರನ್ನ ಅಲ್ವಾ, ಕೇಳಿಸಿಕೊಳ್ತಾನೆ ಬಿಡಿ” ಎಂದೆ. ಎಂಟು ಅಂಕದ ಉತ್ತರ.

ಎರಡು ಜೋಡಿ ತುಟಿಗಳೂ ನಿಂತವು.

“ಒಬ್ಬನೇನಾ?” ಎಂದಳು ಲೂರ್ದಮ್ಮ. “ನಮ್ಮ ಯೇಸುಸ್ವಾಮಿ ದೇವರ ಮಗ. ಅವಳನ್ನ ಕೇಳಿ, ಒಪ್ತಾಳಾ?”

“ತೌಬಾ, ಅಲ್ಲಾಗೆ ಮಗ ಅಂತ ಎಂಗೆ ಹೇಳ್ಲಿ ಕಣಕ್ಕಾ? ನಿಮ್ಮ ಯೇಸು ನಮ್ಗೆ ಈಸಾ ಪೈಗಂಬರು. ತಲೆ ಮೇಲೆ ಇಟ್ಕತೀವಿ. ಆದ್ರೆ ಮಗ ಅಂತ ಮಾತ್ರ ಅನ್ನಲ್ಲ.”

“ಶಿಲುಬೆ ಮೇಲೆ ಪ್ರಾಣ ಬಿಟ್ಟಿದ್ದು?”

“ಪ್ರಾಣ ಬುಡ್ಲೇ ಇಲ್ಲ. ಅಲ್ಲಾ ಮೇಲಕ್ಕೆ ಎತ್ಕಂಡ.”

“ನೋಡಿದ್ರಾ ಕಾನ್ವೆಂಟಮ್ಮ? ಒಂದೇ ಅಂತೆ ಒಂದೇ!” ಎಂದಳು ಲೂರ್ದಮ್ಮ.

ವರ್ಷಗಟ್ಟಲೆ ಎದುರುಬದುರು ಕೂತು ಎಲೆ ಬೇರೆ ಮಾಡಿದವರು, ಈ ಮಾತನ್ನು ಮಾತ್ರ ನಡುವೆ ತಂದಿರಲಿಲ್ಲ. ತಂದವಳು ನಾನು. ಗಾಬರಿಯಾಗಿ, ಮಾತು ಬದಲಿಸಲು, ಖೈರುನ್ ಬೀ ಏನು ಓದುತ್ತಿದ್ದಾಳೆಂದು ಕೇಳಿದೆ. ಅದು ಇನ್ನೂ ದೊಡ್ಡ ತಪ್ಪು.

“ಮರಿಯಮ್ಮೋರ ಪಾಠ. ನಮ್ಮಲ್ಲಿ ಬಸುರಿ ಹೆಂಗಸ್ರಿಗೆ ಇದನ್ನೇ ಓದೋದು, ಸಲೀಸಾಗಿ ಹೆರಿಗೆ ಆಗ್ಲಿ ಅಂತ” ಎಂದಳು. ಅರಬ್ಬಿ ಅವಳಿಗೆ ಓದಲು ಬರುತ್ತಿತ್ತು, ಅರ್ಥವೆಲ್ಲ ಅಜ್ಜಿ ಹೇಳಿದ್ದು. ಮರಿಯಮ್ಮೋರು ಎಂದರೆ ಯೇಸುವಿನ ತಾಯಿಯೇ. ನೋವು ತಾಳಲಾರದೆ ಖರ್ಜೂರದ ಮರಕ್ಕೆ ಒರಗಿ, ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಗೋಳಾಡಿದಳಂತೆ.

ಲೂರ್ದಮ್ಮನ ಮುಖ ಕೆಂಪಾಯಿತು. “ಮಾತೆಗೆ ನೋವೇ ಬರಲಿಲ್ಲ. ಗಾಜಿನೊಳಗಿಂದ ಬೆಳಕು ಬರೋ ಹಂಗೆ ಬಂದ್ರು ಸ್ವಾಮಿ. ನಮ್ಮ ಉಪದೇಶಿಗಳು ಹೇಳಿಕೊಟ್ಟವ್ರೆ.”

“ನೋವಿಲ್ದೆ ಹೆರೋದಾ? ಏಳು ಹೆತ್ತಿವ್ನಿ ಕಣಕ್ಕಾ ನಾನು.”

“ನೀನೂ ಮಾತೆಯೂ ಒಂದೇ ಏನೇ?” ಲೂರ್ದಮ್ಮನ ಧ್ವನಿ ಒಡೆಯಿತು. “ನನ್ನ ಮಗಳು ಅಲ್ಲಿ ಒದ್ದಾಡ್ತಾವ್ಳೆ. ಸಾಯಬೇಕು ಅಂದಿದ್ದನ್ನ ಇವತ್ತೇ ಓದ್ತೀಯಾ ನೀನು?”

ಖೈರುನ್ ಬೀ ಗ್ರಂಥವನ್ನು ಮುಚ್ಚಿ, ಮುತ್ತಿಟ್ಟು, ಬಟ್ಟೆಯಲ್ಲಿ ಸುತ್ತಿದಳು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಗೋಡೆಗೆ ಒರಗಿ, ಸುತ್ತಿದ ಗ್ರಂಥವನ್ನು ಕೈಯಲ್ಲೇ ಹಿಡಿದು ಕೂತಳು. ನಾನು ಫೋನಿನ ಮೇಲಿನ ಕ್ರೋಶಾ ಬಟ್ಟೆಯ ಅಂಚನ್ನು ಸರಿಮಾಡಿದೆ, ಸರಿಯಿದ್ದದ್ದನ್ನು ಮತ್ತೆ ಸರಿಮಾಡಿದೆ.

ಎಷ್ಟು ಹೊತ್ತಾಯಿತೋ. ಬಿಸಿಲು ಹೊಸಿಲು ದಾಟಿ ಹೋಗಿತ್ತು. ಲೂರ್ದಮ್ಮ ನೆಲ ನೋಡುತ್ತಲೇ ಕೇಳಿದಳು:

“ಆವಾಗ... ಮಾತೆ ಹತ್ರ ಯಾರೂ ಇರಲಿಲ್ವಾ?”

“ಯಾರೂ ಇಲ್ಲ ಕಣಕ್ಕ. ಅವ್ವನೂ ಇಲ್ಲ.”

ಅವ್ವನೂ ಇಲ್ಲ ಎಂಬ ಮಾತಿಗೆ ಲೂರ್ದಮ್ಮ ತನ್ನ ಪಟ್ಟಿ ಹಾಕಿದ ಕಾಲನ್ನು ನೋಡಿಕೊಂಡಳು.

“ಮತ್ತೆ?”

“ಕೆಳಗಡೆಯಿಂದ ಒಂದು ದನಿ ಬಂತು. ಅಳಬ್ಯಾಡ, ನಿನ್ನ ಕಾಲಡಿ ನೀರು ಹರೀತದೆ. ಮರ ಅಲ್ಲಾಡ್ಸು, ಹಣ್ಣು ಬೀಳ್ತವೆ. ತಿನ್ನು, ಕುಡಿ, ಕಣ್ಣು ತಂಪು ಮಾಡ್ಕ ಅಂತು.”

“ಹೆರಿಗೆ ನೋವಲ್ಲಿರೋಳು ಖರ್ಜೂರದ ಮರ ಅಲ್ಲಾಡ್ಸಕಾಯ್ತದಾ?”

“ಕೈ ಇಟ್ರೆ ಸಾಕಂತೆ. ಅಲ್ಲಾಡ್ಸೋನು ಬೇರೆ ಇದ್ದ.”

ಲೂರ್ದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾನು ಒಪ್ಪಲ್ಲ ಅಮ್ಮಿ. ಮಾತೆಗೆ ನೋವಿರಲಿಲ್ಲ. ಆದ್ರೂ ಓದು. ನನ್ನ ಸ್ಟೆಲ್ಲಾಗೆ ಓದು.”

ಖೈರುನ್ ಬೀ ಕೂಡಲೇ ಗ್ರಂಥ ಬಿಚ್ಚಲಿಲ್ಲ. “ಓದ್ತೀನಿ. ಆದ್ರೆ ಲೂರ್ದಕ್ಕ, ನಾನು ಕೇಳೋದು ಅಲ್ಲಾನ. ಮಗನ ಹೆಸರು ಹೇಳಿ ಕೇಳಕ್ಕಾಗಲ್ಲ ನಂಗೆ. ಆಮೇಲೆ ನೀನು ಮೋಸ ಮಾಡ್ದೆ ಅನ್ನಬಾರ್ದು.”

“ಹೇಳಬ್ಯಾಡ ಬುಡು. ನಂಬದೇ ಇರೋದನ್ನ ಹೇಳಿ ಬೇಡ್ಕೊಂಡ್ರೆ ಯಾರು ಕೇಳ್ತಾರೆ? ನೀನು ನಿನ್ನಂಗೆ ಕೇಳು. ನಾನು ನನ್ನಂಗೆ ಕೇಳ್ತೀನಿ.”

ನನ್ನ ಜೀವಮಾನದಲ್ಲಿ ಅಷ್ಟು ಪ್ರಾಮಾಣಿಕವಾದ ಒಪ್ಪಂದವನ್ನು ನಾನು ಮತ್ತೆ ನೋಡಿಲ್ಲ. ಅಷ್ಟು ದೊಡ್ಡ ಕಷ್ಟದಲ್ಲೂ ಒಬ್ಬಳು ಇನ್ನೊಬ್ಬಳಿಗಾಗಿ ತನ್ನ ದೇವರ ಹೆಸರನ್ನು ಸಡಿಲ ಮಾಡಲಿಲ್ಲ. ಇನ್ನೊಬ್ಬಳು ಸಡಿಲ ಮಾಡೆಂದು ಕೇಳಲೂ ಇಲ್ಲ.

ಸೂರ್ಯ ಮುಳುಗುವ ಹೊತ್ತಿಗೆ ಖೈರುನ್ ಬೀ ಓದಿ ಮುಗಿಸಿದಳು. ಉಪವಾಸ ಬಿಡುವ ಗಳಿಗೆಯಲ್ಲಿ ಬೇಡಿಕೊಂಡದ್ದು ನಡೆಯುತ್ತದೆ ಎಂದು ಅವರ ನಂಬಿಕೆ. ಬಾಯಿ ಒಣಗಿದ್ದರೂ ನೀರಿನ ಲೋಟ ಮುಟ್ಟದೆ, ಎರಡೂ ಅಂಗೈ ಬಿಚ್ಚಿ ಹಿಡಿದಳು. ನನ್ನ ಕಡೆ ತಿರುಗಿ, “ನೀವೂ ಕೇಳ್ಕಳಿ ಕಾನ್ವೆಂಟಮ್ಮ. ನಿಮ್ಮೋರು ಯಾರೋ ಅವ್ರನ್ನ” ಎಂದಳು.

ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿನ ಎದುರು ಯಾರೂ ಇರಲಿಲ್ಲ. ಎಲ್ಲರೂ ಒಂದೇ ಎಂದು ಅಷ್ಟು ವರ್ಷ ಹೇಳಿದವಳಿಗೆ, ಬೇಕಾದಾಗ ಕೂಗಿ ಕರೆಯಲು ಒಬ್ಬರೂ ಪರಿಚಯವಿರಲಿಲ್ಲ. ಆ ಇಬ್ಬರೂ ತಮ್ಮ ತಮ್ಮ ಬಾಗಿಲು ಬಡಿಯುತ್ತಿದ್ದರು. ನಾನು ಬೀದಿಯಲ್ಲಿ ನಿಂತಿದ್ದೆ. ಕೊನೆಗೆ, ತವರಿನ ಬೆಟ್ಟದಪುರದಲ್ಲಿ ಅಜ್ಜಿ ಬೆಟ್ಟದ ಮೇಲಿನ ದೇವರ ಕಡೆ ತಿರುಗಿ ಗೊಣಗುತ್ತಿದ್ದ ಹಾಗೆ, “ಮಲ್ಲಪ್ಪಾ, ಪಕ್ಕದ ಮನೆ ಹುಡುಗಿ ಸ್ಟೆಲ್ಲಾ ಅಂತ, ಸ್ವಲ್ಪ ನೋಡ್ಕೋಪ್ಪಾ” ಎಂದೆ. ನನ್ನ ಇಂಗ್ಲಿಷು ಆ ಹೊತ್ತಿನಲ್ಲಿ ಎಲ್ಲಿ ಹೋಗಿತ್ತೋ!

ಫೋನು ಬಂದಾಗ ದೀಪ ಹಚ್ಚಿಯಾಗಿತ್ತು. ಹೆಣ್ಣು ಮಗು, ತೂಕ ತೀರಾ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಸ್ಟೆಲ್ಲಾ ಕಣ್ಣು ಬಿಟ್ಟಳು, ಅವ್ವ ಎಲ್ಲಿ ಎಂದು ಕೇಳಿದಳು.

“ಯೇಸುಸ್ವಾಮಿ ಕೈಬಿಡಲಿಲ್ಲ” ಎಂದು ಲೂರ್ದಮ್ಮ ಅತ್ತಳು.

“ಅಲ್ಲಾ ಕಾಪಾಡ್ದ” ಎಂದು ಖೈರುನ್ ಬೀ ಅತ್ತಳು.

ಆಮೇಲೆ ಇಬ್ಬರೂ ಒಟ್ಟಿಗೇ ನನ್ನ ಕಡೆ ನೋಡಿದರು. “ಏನೂ ಅನ್ನಬ್ಯಾಡಿ ಕಾನ್ವೆಂಟಮ್ಮ, ಬಾಯ್ಮುಚ್ಕಂಡು ಕಾಫಿ ಮಾಡಿ” ಎಂದಳು ಲೂರ್ದಮ್ಮ. ಮೂವರೂ ನಕ್ಕೆವು.

ಅವರಿಬ್ಬರ ದೇವರು ಒಬ್ಬನೇನಾ? ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಒಂದೇ ಮನೆಗೆ ಹೋಗಿಬಂದವರ ಹಾಗೆ ಇಬ್ಬರೂ ಮಾತಾಡುತ್ತಿದ್ದರು. ಸೃಷ್ಟಿ ಮಾಡಿದವನು ಅವನೇ, ಇಬ್ರಾಹಿಮನನ್ನು ಕರೆದವನು ಅವನೇ, ಮರಿಯಳನ್ನು ಆರಿಸಿದವನು ಅವನೇ. ಆದರೆ ಆ ಮನೆಯ ಯಜಮಾನನಿಗೆ ಮಗನಿದ್ದಾನೆ ಎನ್ನುತ್ತಾಳೆ ಒಬ್ಬಳು. ಇಲ್ಲವೇ ಇಲ್ಲ ಎನ್ನುತ್ತಾಳೆ ಇನ್ನೊಬ್ಬಳು. ಮನೆಯೇ ಬೇರೆಯೋ, ಕಂಡದ್ದು ಬೇರೆಯೋ, ಒಳಗೆ ಕಾಲಿಡದ ನಾನು ತೀರ್ಪು ಹೇಳುವುದು ಹೇಗೆ? ನನಗೆ ಗೊತ್ತಿರುವುದು ಒಂದೇ: ಒಂದೇ ಎಂದ ನನ್ನ ಮಾತಿನಲ್ಲಿ ಇಲ್ಲದ ಗೌರವ, ಒಂದಲ್ಲ ಎಂದ ಅವರ ಜಗಳದಲ್ಲಿ ಇತ್ತು.

ಇದನ್ನು ಬರೆಯುತ್ತಿರುವಾಗಲೇ ಬೆಲ್ ಆಯಿತು. ಮೇಲಿನ ಮನೆಯ ಹುಡುಗಿ. “ಆಂಟಿ, ನಾಳೆ ನಮ್ಮತ್ತೆಗೆ ಮೈಸೂರಲ್ಲಿ ಆಪರೇಶನ್. ನೀವೂ ಬೇಡ್ಕೊಳ್ಳಿ” ಎಂದಳು. ಕಣ್ಣು ಕೆಂಪಾಗಿತ್ತು. ಹಿಂದಿನ ನಾನಾಗಿದ್ದರೆ, ದೇವರು ಒಳ್ಳೇದು ಮಾಡ್ತಾನೆ ಹೋಗಮ್ಮ ಎಂದು ಬಾಗಿಲು ಹಾಕಿಕೊಂಡಿರುತ್ತಿದ್ದೆ.

“ಎಷ್ಟು ಗಂಟೆಗೆ?” ಎಂದು ಕೇಳಿದೆ.

“ಹತ್ತಕ್ಕೆ.”

“ನಾನು ಬೆಟ್ಟದಪುರದ ಮಲ್ಲಪ್ಪನಿಗೆ ಹೇಳೋದು. ಪರವಾಗಿಲ್ವಾ?”

ಅವಳು ಒಂದು ಗಳಿಗೆ ನನ್ನನ್ನೇ ನೋಡಿ, “ಹೇಳಿ ಆಂಟಿ” ಎಂದಳು.

ನಾಳೆ ಹತ್ತು ಗಂಟೆಗೆ ಕುಕ್ಕರ್ ಇಡುವುದಿಲ್ಲ. ಸೀಟಿ ಕೂಗುತ್ತಿದ್ದರೆ ಮಲ್ಲಪ್ಪನಿಗೆ ಹೇಳುವ ಮಾತು ತಪ್ಪಿಹೋಗುತ್ತದೆ ನನಗೆ.